‘ಒಂದು ಬಗೆಯ ಮೀನು’

ಹೋದ ಮಳೆಗಾಲದಲ್ಲಿ ಮದ್ದೂರಿನ ಶಿಂಷಾ ಸೇತುವೆ ದಾಟಿ, ರಸ್ತೆಬದಿಯಲ್ಲಿ ಮೀನು ಮಾರುತ್ತಿದ್ದವರೊಬ್ಬರ ಮುಂದೆ ನಿಂತಿದ್ದೆ. ನೀಲಿ ಟಬ್ಬಿನಲ್ಲಿ ಕಪ್ಪಗಿನ, ಉದ್ದ ಮೀಸೆಯ, ಜಾರುವ ಮೈಯ ಮೀನುಗಳು ಒಂದರ ಮೇಲೊಂದು ಹೊರಳಾಡುತ್ತಿದ್ದವು. ‘ಇದ್ಯಾವ ಮೀನಣ್ಣ?’ ಅಂದೆ. ‘ಕ್ಯಾಟ್‌ಫಿಶ್ ಕಣಕ್ಕ.’ ‘ಕನ್ನಡದಲ್ಲಿ ಏನಂತೀರ?’ ‘ಇದ್ಕೆ ಕನ್ನಡ ಎಲ್ಲೈತೆ? ಈಚೀಚೆಗೆ ಬಂದಿದ್ದು. ನಮ್ದು ಬಾಳೆ, ಚೇಳು, ಗಿರ್ಲು. ಅವು ಈಗೆಲ್ಲಿ ಸಿಕ್ತವೆ?’

ಮಳವಳ್ಳಿ ಕಡೆಯವಳಾದ ನನಗೆ ಆ ಮೂರೂ ಹೆಸರು ಗೊತ್ತಿದ್ದವು. ಅವುಗಳ ಪಕ್ಕದಲ್ಲಿ ವಿಜ್ಞಾನ ಕೊಟ್ಟ ಹೆಸರುಗಳನ್ನಿಟ್ಟು ಓದತೊಡಗಿದ್ದು ಅಂದಿನಿಂದ. ಮೀನಿನ ವೈಜ್ಞಾನಿಕ ಹೆಸರು ಎರಡೇ ಪದಗಳ ಒಂದು ಪಠ್ಯ. ಅದಕ್ಕೂ ಕರ್ತೃ ಇದ್ದಾನೆ, ಕಾಲ ಇದೆ, ಪಾಠಾಂತರ ಇದೆ. ಸಾಹಿತ್ಯದ ವಿದ್ಯಾರ್ಥಿಗೆ ಇಷ್ಟು ಸಾಕು.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಬಾಳೆಲೆಯ ಹಾಗೆ ಚಪ್ಪಟೆಯಾಗಿ ಹೊಳೆಯುವುದರಿಂದ ಬಾಳೆ ಮೀನಿಗೆ ಆ ಹೆಸರು ಬಂತು ಎಂದು ಒಂದು ಸೆಮಿನಾರಿನಲ್ಲಿ ಓದಿದ್ದೆ. ಚಪ್ಪಾಳೆಯೂ ಬಿತ್ತು. ಆಮೇಲೆ ಬರೋ ಮತ್ತು ಎಮೆನೊ ಅವರ ದ್ರಾವಿಡ ಪದಕೋಶ ತೆರೆದರೆ ನನ್ನ ಕಥೆ ಅಲ್ಲೇ ಮುಗಿಯಿತು. ತಮಿಳಿನಲ್ಲಿ ಮೀನಿನ ‘ವಾಳೈ’ಗೆ ಒಂದು ಳಕಾರ, ಹಣ್ಣಿನ ‘ವಾೞೈ’ಗೆ ಇನ್ನೊಂದು. ಹಳಗನ್ನಡದಲ್ಲೂ ಹಣ್ಣಿನ ಗಿಡ ‘ಬಾೞೆ’. ನಮ್ಮ ಬಾಯಿಂದ ಆ ‘ೞ’ ಜಾರಿಹೋದಾಗ ಗಿಡವೂ ಮೀನೂ ಒಂದೇ ಪದವಾದವು. ತೆಲುಗಿನ ಮಂದಿ ಅದೇ ಮೀನನ್ನು ‘ವಾಲುಗ’ ಎನ್ನುತ್ತಾರೆ. ಪ್ಯಾಟ್ರಿಕ್ ರಸೆಲ್ 1803ರಲ್ಲಿ ವಿಶಾಖಪಟ್ಟಣದ ಇನ್ನೂರು ಮೀನುಗಳ ಪುಸ್ತಕ ಪ್ರಕಟಿಸಿದಾಗ ಕಡಲತೀರದವರ ಬಾಯಿಮಾತಿನ ಹೆಸರುಗಳನ್ನೇ ಬರೆದುಕೊಂಡ. ಅಲ್ಲಿಂದ ಆ ಪದ ಕೈಯಿಂದ ಕೈಗೆ ಸಾಗಿ, 1851ರಲ್ಲಿ ಬಟಾವಿಯಾದಲ್ಲಿದ್ದ ಡಚ್ ಸೈನ್ಯದ ವೈದ್ಯ ಬ್ಲೀಕರ್‌ನ ಬರವಣಿಗೆಯಲ್ಲಿ ‘ವಲ್ಲಾಗೊ’ ಎಂಬ ಕುಲನಾಮವಾಯಿತು. ಇವತ್ತು ಜಗತ್ತಿಗೆಲ್ಲ ನಮ್ಮ ಬಾಳೆ ಮೀನು ‘ವಲ್ಲಾಗೊ ಅಟ್ಟು’. ಲ್ಯಾಟಿನ್ ಎಂದುಕೊಂಡು ನಾವು ಹೆದರುವ ಆ ಪದ ನಮ್ಮ ‘ಬಾಳೆ’ಯ ಒಡಹುಟ್ಟು.

ಚೇಳು ಮೀನಿನ ಕಥೆ ಬೇರೆ. ಅದರ ಎದೆಯ ರೆಕ್ಕೆಯ ಮುಳ್ಳು ಚುಚ್ಚಿದರೆ ಚೇಳು ಕುಟುಕಿದಷ್ಟೇ ಉರಿ. ಕೆರೆಯ ಕೆಸರಿಗೆ ಕೈ ಹಾಕಿದವರು ಇಟ್ಟ ಹೆಸರದು. ವಿಜ್ಞಾನದಲ್ಲಿ ಅದು ‘ಹೆಟೆರೊನ್ಯೂಸ್ಟಿಸ್ ಫಾಸಿಲಿಸ್’. ಮೊದಲ ಪದ ಗ್ರೀಕ್, ‘ಬೇರೆ ಥರ ಉಸಿರಾಡುವುದು’ ಎಂದರ್ಥ. ಕಿವಿರಿನಿಂದ ಬೆನ್ನೆಲುಬಿನ ಉದ್ದಕ್ಕೂ ಹಿಂದೆ ಸಾಗುವ ಗಾಳಿಚೀಲಗಳನ್ನು ಮೈ ಕೊಯ್ದು ನೋಡಿದವರ ಹೆಸರು. ಎರಡನೆಯದು ಲ್ಯಾಟಿನ್, ‘ಅಗೆದು ತೆಗೆದದ್ದು’. ನೀರು ಬತ್ತಿದ ಕೆಸರಿನಡಿ ಸಿಗುವ ಮೀನು ಎಂಬುದನ್ನು ಕೇಳಿ ತಿಳಿದವರ ಹೆಸರು. ಚುಚ್ಚಿಸಿಕೊಂಡವರು, ಕೊಯ್ದವರು, ಕೇಳಿದವರು ಮೂವರೂ ಮೀನಿನ ಬಗ್ಗೆ ನಿಜವನ್ನೇ ಹೇಳಿದ್ದಾರೆ. ಆದರೆ ಒಬ್ಬರ ನಿಜ ಇನ್ನೊಬ್ಬರದಕ್ಕೆ ಬದಲಿ ಆಗುವುದಿಲ್ಲ.

‘ಫಾಸಿಲಿಸ್’ ಎಂದು 1794ರಲ್ಲಿ ಹೆಸರಿಟ್ಟವನು ಬರ್ಲಿನ್ನಿನ ವೈದ್ಯ ಬ್ಲಾಕ್. ಅವನು ಭಾರತಕ್ಕೆ ಬಂದವನಲ್ಲ. ಡೇನಿಶರ ವಸಾಹತಾಗಿದ್ದ ತರಂಗಂಬಾಡಿಯಿಂದ ಪಾದ್ರಿ ಜಾನ್ ಅವನಿಗೆ ಮೀನುಗಳನ್ನು ಕಳಿಸುತ್ತಿದ್ದ. ತರಂಗಂಬಾಡಿ ಇರುವುದು ಕಾವೇರಿಯ ಮುಖಜಭೂಮಿಯಲ್ಲಿ! ನಮ್ಮ ಗದ್ದೆ ದಾಟಿ, ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯ ಕಾಡು ದಾಟಿ ಹರಿಯುವ ನದಿಯ ಇನ್ನೊಂದು ತುದಿಯಲ್ಲಿ ಸಿಕ್ಕ ಮೀನಿನಿಂದ ಈ ಜಾತಿಗೆ ಹೆಸರಾಯಿತು. ಗಿರ್ಲುಗಳ ಬಳಗದ ‘ಮಿಸ್ಟಸ್ ವಿಟ್ಟೇಟಸ್’ ಕೂಡ ಅಲ್ಲಿನದೇ. ಗ್ರೀಕಿನ ಮೀಸೆ, ಲ್ಯಾಟಿನ್ನಿನ ಪಟ್ಟೆ. ನದಿ ಒಂದೇ ಆದರೂ ಹೆಸರಿನ ಹಕ್ಕು ಬಂದರಿಗೆ ಹೋಯಿತು. ಹಡಗು ನಿಲ್ಲುತ್ತಿದ್ದುದು ಅಲ್ಲಿ.

ಒಳನಾಡಿಗೆ ಯಾರೂ ಬರಲಿಲ್ಲ ಎನ್ನುವಂತಿಲ್ಲ. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ವೆಲ್ಲೆಸ್ಲಿಯ ಅಪ್ಪಣೆಯಂತೆ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕನನ್ ಈ ಸೀಮೆಯಲ್ಲಿ ಓಡಾಡಿದ. 1807ರಲ್ಲಿ ಮೂರು ಸಂಪುಟಗಳಲ್ಲಿ ಬಂದ ಅವನ ಪ್ರವಾಸಕಥನದಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಇವೆ. ಕೆರೆ, ಬೆಳೆ, ಗೇಣಿ, ಜಾತಿ ಎಲ್ಲ ಲೆಕ್ಕ ಹಾಕಿದ. ಮುಂದೆ ತಾಯಿಯ ಕಡೆಯ ಆಸ್ತಿ ಬಂದಾಗ ಹ್ಯಾಮಿಲ್ಟನ್ ಎಂದು ಹೆಸರು ಬದಲಿಸಿಕೊಂಡ ಈತನೇ 1822ರಲ್ಲಿ ಗಂಗಾನದಿಯ ಮೀನುಗಳ ಬಗ್ಗೆ ದೊಡ್ಡ ಪುಸ್ತಕ ಬರೆದದ್ದು. ಗ್ರೀಕ್, ಲ್ಯಾಟಿನ್ ಬೇರಿಲ್ಲದ ಕುಲನಾಮ ಕೂಡದು ಎಂದು ಲಿನ್ನೇಯಸ್ 1737ರಲ್ಲೇ ಸಸ್ಯಶಾಸ್ತ್ರಕ್ಕೆ ವಿಧಿ ಬರೆದಿದ್ದ. ಆ ಕಟ್ಟುನಿಟ್ಟಿನ ವಾತಾವರಣದಲ್ಲಿ ಹ್ಯಾಮಿಲ್ಟನ್ ಬೆಸ್ತರ ಮಾತನ್ನೇ ಜಾತಿನಾಮ ಮಾಡಿದ: ಮಾಗುರ್, ಪಾಬ್ದಾ, ತೆಂಗರಾ, ರಿತಾ, ಪಂಗಾಸ್. ಶಿಂಷೆಯ ಗಿರ್ಲು ಇವತ್ತು ‘ಕವೇಸಿಯಸ್’ ಎಂಬ ಪೂರ್ವದೇಶದ ಪದ ಹೊತ್ತು ಈಜುತ್ತಿರುವುದು ಅವನಿಂದಲೇ.

ವಸಾಹತುಶಾಹಿ ವಿಜ್ಞಾನ ಸ್ಥಳೀಯ ಹೆಸರುಗಳನ್ನು ಅಳಿಸಿಹಾಕಿತು ಎಂದು ನಮ್ಮ ವಿಮರ್ಶೆ ಪಾಠದ ಹಾಗೆ ಒಪ್ಪಿಸುತ್ತದೆ. ಮೀನುಗಳ ಮುಂದೆ ಈ ವಾಕ್ಯ ಅರ್ಧ ಮಾತ್ರ ನಿಲ್ಲುತ್ತದೆ. ಬಂಗಾಳಿ ಉಳಿಯಿತು, ತೆಲುಗು ಉಳಿಯಿತು. ಪದ ಕೊಟ್ಟ ಬೆಸ್ತರು ಉಳಿಯಲಿಲ್ಲ. ಹ್ಯಾಮಿಲ್ಟನ್‌ನ ಪುಸ್ತಕದಿಂದ ಎಷ್ಟೋ ಜಾತಿನಾಮಗಳು ಹೊರಟವು, ಆದರೆ ಬಲೆ ಎಳೆದವನೊಬ್ಬನ ಹೆಸರಿನ ಮೀನು ಅವುಗಳಲ್ಲಿ ಇಲ್ಲ. ಮನುಷ್ಯರ ಹೆಸರು ಬೇಕಾದಾಗ ಸಿಕ್ಕವರು ದೊರೆಗಳ ಊರಿನವರು. ಕೃಷ್ಣಾ, ಕಾವೇರಿಗಳ ‘ಸೈಲೋನಿಯಾ ಚಿಲ್ಡ್ರೆನಿ’ ಎಂಬುದನ್ನು ಮಕ್ಕಳ ಮೀನು ಎಂದುಕೊಂಡು ಖುಷಿಪಟ್ಟಿದ್ದೆ. ಅದು 1839ರಲ್ಲಿ ಸೈಕ್ಸ್ ಎಂಬ ಸೇನಾಧಿಕಾರಿ ಲಂಡನ್ನಿನ ಜಾನ್ ಜಾರ್ಜ್ ಚಿಲ್ಡ್ರೆನ್ ಎಂಬ ವಿದ್ವಾಂಸನಿಗೆ ಸಲ್ಲಿಸಿದ ಗೌರವ.

ನಮ್ಮ ಗ್ರಂಥಸಂಪಾದನೆಯವರು ಮೆಚ್ಚುವ ಪ್ರಸಂಗವೂ ಒಂದಿದೆ. ಭಾರತದ ಮಾಗುರ್ ಮೀನನ್ನು ಬಹುಕಾಲ ಲಿನ್ನೇಯಸ್ 1758ರಲ್ಲಿ ಕೊಟ್ಟ ‘ಬಟ್ರಾಕಸ್’, ಅಂದರೆ ಕಪ್ಪೆ, ಎಂಬ ಹೆಸರಿನಿಂದ ಕರೆದರು. 2008ರಲ್ಲಿ ಎನ್‌ಜಿ ಮತ್ತು ಕೊಟೆಲಾಟ್ ಎಂಬ ಸಂಶೋಧಕರು ಆ ಹೆಸರಿಗೆ ಜಾವಾದ ಮೀನೊಂದನ್ನು ಮಾದರಿಯಾಗಿ ಗೊತ್ತುಮಾಡಿದರು. ಹೀಗೆ ಕಪ್ಪೆ ಜಾವಾಕ್ಕೆ ಹೋಗಿ, ಇಲ್ಲಿನದಕ್ಕೆ ಬೆಸ್ತರ ‘ಮಾಗುರ್’ ವಾಪಸು ಬಂತು. ಮೂಲಪ್ರತಿ ಯಾವುದೆಂದು ತೀರ್ಮಾನವಾಗುವ ತನಕ ಪಾಠ ನಿಲ್ಲುವುದಿಲ್ಲ ಎಂಬ ಮಾತು ಇಲ್ಲೂ ನಡೆಯುತ್ತದೆ.

ಇನ್ನು ಟಬ್ಬಿನ ಮೀನು. ಅದು ಆಫ್ರಿಕನ್ ಕ್ಯಾಟ್‌ಫಿಶ್, ‘ಕ್ಲೇರಿಯಸ್ ಗರಿಪೈನಸ್’. ಇದರ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲೇ ನಿಷೇಧಿಸಿತು. ಕೆರೆಗೆ ಬಿದ್ದರೆ ಸಿಕ್ಕದ್ದನ್ನೆಲ್ಲ ನುಂಗುತ್ತದೆ. ಅದರ ಹೆಸರು ಮಾತ್ರ ನೋವಿನದು. ‘ಗರಿಪ್’ ಎಂಬುದು ದಕ್ಷಿಣ ಆಫ್ರಿಕಾದ ಖೋಯಿಖೋಯಿ ಜನ ತಮ್ಮ ನದಿಗಿಟ್ಟ ಹೆಸರು. ಡಚ್ಚರು 1779ರಲ್ಲಿ ತಮ್ಮ ರಾಜಮನೆತನದ ಹೆಸರಿನಿಂದ ಅದನ್ನು ಆರೆಂಜ್ ಎಂದು ಕರೆದರು. ಭೂಪಟದಿಂದ ಸರಿದ ಹೆಸರನ್ನು 1822ರಲ್ಲಿ ಬರ್ಚೆಲ್ ಮೀನಿಗೆ ಅಂಟಿಸಿದ. ತನ್ನ ನದಿಯ ಹೆಸರನ್ನು ಹೊತ್ತ ಮೀನು ಇಲ್ಲಿ ನಮ್ಮ ನದಿಯ ಮೀನುಗಳಿಗೆ ಕಂಟಕವಾಗಿದೆ. ಹೆಸರು ಒಳ್ಳೆಯದು ಎಂದ ಮಾತ್ರಕ್ಕೆ ಮೀನು ಒಳ್ಳೆಯದಾಗಬೇಕಿಲ್ಲ. ಹೆಸರನ್ನು ಮಾತ್ರ ಓದುವ ನನ್ನಂಥವರಿಗೆ ಇದು ಎಚ್ಚರಿಕೆ.

ಕನ್ನಡಕ್ಕೆ ಈ ಪಟ್ಟಿಯಲ್ಲಿ ಜಾಗವೇ ಇಲ್ಲವೆಂದಲ್ಲ. 2004ರಲ್ಲಿ ‘ಬಟಾಸಿಯೊ ಶರಾವತಿಯೆನ್ಸಿಸ್’, 2007ರಲ್ಲಿ ‘ಗ್ಲಿಪ್ಟೊಥೊರಾಕ್ಸ್ ಕುದುರೆಮುಖೆನ್ಸಿಸ್’ ಬಂದವು. ಹೆಸರಿಟ್ಟವರು ಭಾರತದ ವಿಜ್ಞಾನಿಗಳು. ಗಮನಿಸಿ, ಎರಡೂ ಊರು-ನದಿಗಳ ಹೆಸರು. ಮೀನಿಗೆ ಜನ ಇಟ್ಟ ಹೆಸರಲ್ಲ.

ಇದಕ್ಕೆ ಬರ್ಲಿನ್ನಿನ ವೈದ್ಯನನ್ನು ದೂರುವ ಮೊದಲು ನಮ್ಮ ಕಪಾಟು ನೋಡಿಕೊಳ್ಳಬೇಕು. ಕನ್ನಡ ನಿಘಂಟುಗಳಲ್ಲಿ ಮೀನಿನ ಹೆಸರು ಹುಡುಕಿ ನೋಡಿ. ಬಹಳಷ್ಟು ಕಡೆ ಸಿಗುವ ಅರ್ಥ ಒಂದೇ: ‘ಒಂದು ಬಗೆಯ ಮೀನು’. ಯಾವ ಬಗೆ? ಎಷ್ಟು ಮೀಸೆ? ಚುಚ್ಚುತ್ತದೋ, ಇಲ್ಲವೋ? ಕೇಳುವವರಿಲ್ಲ. ಬ್ಲಾಕ್‌ಗೆ ಕನ್ನಡ ಗೊತ್ತಿರಲಿಲ್ಲ, ಅವನನ್ನು ಕ್ಷಮಿಸಬಹುದು. ಬಾಳೆ, ಚೇಳು, ಗಿರ್ಲು ಎಂಬ ಪದಗಳು ಪಕ್ಕದ ಬೀದಿಯಲ್ಲಿದ್ದರೂ ಕ್ಯಾಟ್‌ಫಿಶ್‌ಗೆ ‘ಬೆಕ್ಕುಮೀನು’ ಎಂದು ಅನುವಾದಿಸಿ ಕೈತೊಳೆದುಕೊಳ್ಳುವ ನಾವು ಯಾವ ನೆಪ ಹೇಳುವುದು? ವಿಜ್ಞಾನದ ಹೆಸರಿಗೆ ಒಂದು ಶಿಸ್ತಾದರೂ ಇದೆ. ಹೆಸರಿಟ್ಟವರು ಮೀನನ್ನು ವರ್ಣಿಸಬೇಕು, ತಾರೀಖು ಹಾಕಬೇಕು, ಯಾವ ಮೀನನ್ನು ನೋಡಿ ಬರೆದರೆಂದು ತೋರಿಸಬೇಕು. ನಮ್ಮ ನಿಘಂಟು ಪದವನ್ನು ಉಳಿಸಿಕೊಂಡು ಮೀನನ್ನು ಬಿಟ್ಟುಬಿಟ್ಟಿತು.

ಬಾಳೆ ಮೀನು ಈಗ ಅಪಾಯದಂಚಿನ ಜೀವಿಗಳ ಜಾಗತಿಕ ಪಟ್ಟಿಯಲ್ಲಿದೆ. ಮೀನು ಕಡಿಮೆಯಾದಷ್ಟೂ ಹೆಸರು ಹೇಳುವ ಬಾಯಿಯೂ ಕಡಿಮೆಯಾಗುತ್ತದೆ. ಅಂದು ಸೇತುವೆಯ ಬಳಿ ಸಿಕ್ಕ ಅಣ್ಣನ ಹತ್ತಿರ ಮತ್ತೆ ಹೋಗಿದ್ದೆ, ಈ ಸಲ ನೋಟ್‌ಬುಕ್ ಹಿಡಿದು. ಗಿರ್ಲಿನಲ್ಲೇ ಎರಡು ಥರ ಇವೆ, ಒಂದರ ಮೈಮೇಲೆ ಗೆರೆ ಇರ್ತದೆ ಅಂದರು. ಬರೆದುಕೊಂಡೆ, ತಾರೀಖು ಹಾಕಿ. ಅವರ ಹೆಸರನ್ನೂ.