ನಯದ ಎಂಜಿನ್ನಿನ ಮೌಲ್ಯ: ಕರಾವಳಿಯಲ್ಲಿ ಹಳೆಯ ಅಮೆರಿಕನ್ ಐಷಾರಾಮಿ ಕಾರು

ಹಳೆಯ ಅಮೆರಿಕನ್ ಐಷಾರಾಮಿ ಕಾರುಗಳನ್ನು ಮೆಚ್ಚುವವರು ಮೊದಲು ಹೊಗಳುವುದು ಎಂಜಿನ್ನಿನ ನಯವನ್ನು. ಚಾಲೂ ಇದೆಯೋ ಬಂದಾಗಿದೆಯೋ ಗೊತ್ತೇ ಆಗುವುದಿಲ್ಲ, ಎಂಜಿನ್ ಮೇಲೆ ನಾಣ್ಯವನ್ನು ಅಂಚಿನಲ್ಲಿ ನಿಲ್ಲಿಸಿದರೂ ಬೀಳುವುದಿಲ್ಲ ಎಂಬ ಮಾತು ಪ್ಯಾಕಾರ್ಡ್, ಕ್ಯಾಡಿಲಾಕ್, ಬ್ಯೂಕ್, ಸ್ಟುಡಿಬೇಕರ್ ಯಾವುದರ ಪ್ರಸ್ತಾಪ ಬಂದರೂ ಕೇಳಿಬರುತ್ತದೆ. ಮಂಗಳೂರಿನವರಿಗೆ ಇಂಥ ಕಾರುಗಳು ಹತ್ತಿರದಿಂದ ನೋಡಸಿಗುವುದು ನಗರದಿಂದ ಸುಮಾರು 75 ಕಿಲೋಮೀಟರ್ ದೂರದ ಧರ್ಮಸ್ಥಳದಲ್ಲಿ. ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ ಬೆಳೆದ ಮಂಜೂಷಾ ಸಂಗ್ರಹಾಲಯದ ಕಾರುಗಳಲ್ಲಿ ಯುರೋಪಿನ ಡೈಮ್ಲರ್‌ನಂಥವುಗಳ ಜೊತೆ ಅಮೆರಿಕದವೂ ಇವೆ. ಅವುಗಳ ಪೈಕಿ ಹೆಸರುವಾಸಿಯಾದದ್ದು 1920ರ ದಶಕದ ಕೊನೆಯ ಸ್ಟುಡಿಬೇಕರ್ ಪ್ರೆಸಿಡೆಂಟ್. ಗಾಂಧೀಜಿ ಇದರಲ್ಲಿ ಪ್ರಯಾಣಿಸಿದ್ದರೆಂಬ ಪ್ರತೀತಿ ಇದೆ. ಆ ಪ್ರತೀತಿಯೇ ನೋಡುಗರ ಗಮನವನ್ನೆಲ್ಲ ಸೆಳೆದುಕೊಳ್ಳುವುದರಿಂದ ಬಾನೆಟ್ಟಿನ ಕೆಳಗೆ ಏನಿದೆ ಎಂಬ ವಿಚಾರ ಹಿಂದೆ ಬೀಳುತ್ತದೆ. ಕಾರಾಗಿ ಅದರ ಯೋಗ್ಯತೆ ಇರುವುದು ಮಾತ್ರ ಅಲ್ಲಿಯೇ.

ನಯ ಎಷ್ಟು ದೂರದಿಂದ ಬಂತೆಂದು ತಿಳಿಯಲು ಮಂಗಳೂರು ನಗರದಲ್ಲೇ ಒಂದು ಅಳತೆಗೋಲು ಇದೆ. ಸಂತ ಅಲೋಶಿಯಸ್ ಕಾಲೇಜಿನ ಅಲೋಶಿಯಂ ಸಂಗ್ರಹಾಲಯದಲ್ಲಿ ಇರಿಸಿರುವ ಡಿ ಡಿಯೋನ್ ಬೂತೋನ್ ಊರಿನ ಮೊದಲ ಕಾರು. ಕಾಫಿ ವ್ಯಾಪಾರಿ ಪಿ.ಎಫ್.ಎಕ್ಸ್. ಸಲ್ಡಾನ್ಹಾ ಅದನ್ನು 1906ರಲ್ಲಿ ತರಿಸಿದ್ದರು. ಫ್ರಾನ್ಸಿನ ಈ ಕಂಪನಿಗೆ ಹೆಸರು ತಂದದ್ದು ಚಿಕ್ಕ ಒಂಟಿ ಸಿಲಿಂಡರ್ ಎಂಜಿನ್‌ಗಳು. ಗಟ್ಟಿಮುಟ್ಟಾದ, ಸರಳವಾದ ಎಂಜಿನ್‌ಗಳವು; ಆದರೆ ಪ್ರತಿ ಹೊಡೆತವೂ ಕೂತವರ ಬೆನ್ನಿಗೆ ತಿಳಿಯುತ್ತಿತ್ತು. ಅದೇ ಕಂಪನಿ 1910ರಲ್ಲಿ ಎಂಟು ಸಿಲಿಂಡರುಗಳನ್ನು ‘ವಿ’ ಆಕಾರದಲ್ಲಿ ಜೋಡಿಸಿದ ಎಂಜಿನ್ ಹೊರತಂದಿತು. ಡೆಟ್ರಾಯಿಟ್‌ನ ಕ್ಯಾಡಿಲಾಕ್ ಕಂಪನಿ ಅಂಥದೊಂದನ್ನು ಕೊಂಡು, ಬಿಚ್ಚಿ, ಅಧ್ಯಯನ ಮಾಡಿ 1914ರಲ್ಲಿ ತನ್ನ ವಿ-8 ಕಾರನ್ನು ಘೋಷಿಸಿತು. ಅಮೆರಿಕನ್ ಐಷಾರಾಮಕ್ಕೆ ಗುರುತಾದ ಎಂಜಿನ್ನಿನ ಮೂಲ ಫ್ರೆಂಚ್ ಎಂಬುದನ್ನು ಅಮೆರಿಕನ್ ಕಾರುಗಳ ಭಕ್ತರು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ.

ನಯಕ್ಕೆ ಎರಡು ಬೇರೆ ಬೇರೆ ಆಧಾರಗಳಿವೆ, ಹೊಗಳಿಕೆಯಲ್ಲಿ ಇವೆರಡೂ ಕಲಸಿಹೋಗುತ್ತವೆ. ಮೊದಲನೆಯದು ಶಕ್ತಿಯ ಹರಿವು. ನಾಲ್ಕು ಹಂತದ ಎಂಜಿನ್‌ನಲ್ಲಿ ಒಂದು ಸಿಲಿಂಡರಿಗೆ ಎರಡು ಸುತ್ತಿಗೆ, ಅಂದರೆ 720 ಡಿಗ್ರಿಗೆ, ಒಂದೇ ಹೊಡೆತ. ನಾಲ್ಕು ಸಿಲಿಂಡರುಗಳಿದ್ದರೆ 180 ಡಿಗ್ರಿಗೊಂದು, ಆರಿದ್ದರೆ 120ಕ್ಕೆ, ಎಂಟಿದ್ದರೆ 90ಕ್ಕೆ. ಒಬ್ಬಳೇ ಅವಲಕ್ಕಿ ಕುಟ್ಟುವಾಗ ಒನಕೆ ಏಳುವಷ್ಟು ಹೊತ್ತು ಒರಳು ಸುಮ್ಮನಿರುತ್ತದೆ, ಮೂವರು ಸರದಿಯಲ್ಲಿ ಕುಟ್ಟಿದರೆ ಬಿಡುವೇ ಇರುವುದಿಲ್ಲ. ಆರು ಅಥವಾ ಹೆಚ್ಚು ಸಿಲಿಂಡರುಗಳಿದ್ದಾಗ ಒಂದರ ಒತ್ತಡ ಇಳಿಯುವ ಮೊದಲೇ ಇನ್ನೊಂದು ಕೈಹಾಕುವುದು ಹೀಗೆಯೇ. ಎರಡನೆಯದು ಪಿಸ್ಟನ್‌ಗಳ ಓಡಾಟದಿಂದ ಹುಟ್ಟುವ ಅದುರು. ಕನೆಕ್ಟಿಂಗ್ ರಾಡ್ ಓರೆಯಾಗುವುದರಿಂದ ಪಿಸ್ಟನ್ ತನ್ನ ದಾರಿಯ ಮೇಲರ್ಧವನ್ನು ಕೆಳಗಿನರ್ಧಕ್ಕಿಂತ ಬೇಗ ದಾಟುತ್ತದೆ. ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ ಈ ವ್ಯತ್ಯಾಸಗಳೆಲ್ಲ ಒಟ್ಟುಗೂಡಿ ಪ್ರತಿ ಸುತ್ತಿಗೆ ಎರಡು ಬಾರಿ ಇಡೀ ಎಂಜಿನ್ನನ್ನು ಅಲುಗಿಸುತ್ತವೆ. ಸಾಲಾಗಿ ನಿಂತ ಆರು ಅಥವಾ ಎಂಟರಲ್ಲಿ ಅವು ಒಂದನ್ನೊಂದು ರದ್ದುಮಾಡುತ್ತವೆ. ಕ್ಯಾಡಿಲಾಕ್‌ನ ಮೊದಲ ವಿ-8ಕ್ಕೆ ಈ ಭಾಗ್ಯ ಇರಲಿಲ್ಲ. ಅದರ ಕ್ರ್ಯಾಂಕ್ ಒಂದೇ ಸಮತಲದ್ದಾಗಿದ್ದು, ಅಡ್ಡಡ್ಡ ಅದುರುತ್ತಿತ್ತು. ಕ್ರ್ಯಾಂಕಿನ ತಿರುವುಗಳನ್ನು ಒಂದಕ್ಕೊಂದು ಲಂಬವಾದ ಎರಡು ಸಮತಲಗಳಲ್ಲಿಟ್ಟು, ಪ್ರತಿಭಾರ ಸೇರಿಸಿದ ಎಂಜಿನ್ 1923ರಲ್ಲಿ ಬಂದ ಮೇಲೆಯೇ ವಿ-8 ನಿಜವಾಗಿ ನಯವಾದದ್ದು. ಇವತ್ತಿಗೂ ಅಮೆರಿಕದ ಬಹುತೇಕ ವಿ-8ಗಳು ಆ ಜೋಡಣೆಯನ್ನೇ ಅನುಸರಿಸುತ್ತವೆ.

ಸ್ಟುಡಿಬೇಕರ್ ಪ್ರೆಸಿಡೆಂಟ್ ಹಿಡಿದದ್ದು ಇನ್ನೊಂದು ದಾರಿ. 1928ರ ಮಾದರಿಯಾಗಿ ಬಂದ ಅದರ ಎಂಜಿನ್ನಿನಲ್ಲಿ ಎಂಟು ಸಿಲಿಂಡರುಗಳು ಒಂದೇ ಸಾಲಿನಲ್ಲಿದ್ದವು. ಮೊದಲಿಗೆ ಸುಮಾರು 5.1 ಲೀಟರ್, ಮರುವರ್ಷ ಸುಮಾರು 5.5 ಲೀಟರ್. ವಿನ್ಯಾಸದ ಹೊಣೆ ಹೊತ್ತಿದ್ದವರು ಡೆಲ್ಮಾರ್ ರೂಸ್. ನೇರ ಎಂಟರ ಸಮತೋಲ ಸಹಜವಾದದ್ದು, ಪ್ರತಿಭಾರಗಳ ಕಸರತ್ತು ಕಡಿಮೆ. ತೊಂದರೆ ಇರುವುದು ಉದ್ದದಲ್ಲಿ. ಇಷ್ಟುದ್ದದ ಕ್ರ್ಯಾಂಕ್‌ಶಾಫ್ಟಿನ ಒಂದು ತುದಿಯ ಹೊಡೆತ ಇನ್ನೊಂದು ತುದಿಗೆ ತಲುಪುವಷ್ಟರಲ್ಲಿ ಉಕ್ಕು ಕೂದಲೆಳೆಯಷ್ಟು ತಿರುಚಿಕೊಂಡು ಮರಳುತ್ತದೆ. ನಿರ್ದಿಷ್ಟ ವೇಗಗಳಲ್ಲಿ ಈ ತಿರುಚು ಬೆಳೆದು ಗುನುಗಾಗಿ ಕೇಳಿಸುತ್ತದೆ, ಬಿಟ್ಟರೆ ಶಾಫ್ಟು ಮುರಿಯುವವರೆಗೂ ಹೋಗುತ್ತದೆ. ಕ್ರ್ಯಾಂಕಿನ ಮುಂತುದಿಗೆ ಡ್ಯಾಂಪರ್ ಕೂರಿಸುವುದು, ಬೇರಿಂಗುಗಳ ಸಂಖ್ಯೆ ಹೆಚ್ಚಿಸುವುದು ಅದಕ್ಕೆ ಮದ್ದು. ಪ್ಯಾಕಾರ್ಡ್ 1923ರಿಂದಲೇ ತನ್ನ ಎಂಟು ಸಿಲಿಂಡರಿಗೆ ಒಂಬತ್ತು ಮುಖ್ಯ ಬೇರಿಂಗು ಕೊಟ್ಟಿತ್ತು. ಪ್ರೆಸಿಡೆಂಟ್‌ಗೆ ಒಂಬತ್ತು ಬಂದದ್ದು 1931ರಲ್ಲಿ. ಆದ್ದರಿಂದ 1920ರ ದಶಕದ ಪ್ರೆಸಿಡೆಂಟ್ ನಯದ ದೃಷ್ಟಿಯಿಂದ ಅದರ ವಂಶದ ಅತ್ಯುತ್ತಮ ಕಾರು ಅಲ್ಲ. ಬಾಳಿಕೆಯ ಮಾತು ಬೇರೆ. 1928ರ ಜುಲೈನಲ್ಲಿ ಅಟ್ಲಾಂಟಿಕ್ ಸಿಟಿಯ ಹಲಗೆ ಹಾಸಿದ ಓಟದ ಹಾದಿಯಲ್ಲಿ ಪ್ರೆಸಿಡೆಂಟ್ ಕಾರುಗಳು 30,000 ಮೈಲಿಗಳನ್ನು 26,326 ನಿಮಿಷಗಳೊಳಗೆ ಓಡಿದವು. ಹದಿನೆಂಟು ದಿನ ಹಗಲೂ ರಾತ್ರಿ, ಗಂಟೆಗೆ ಸರಾಸರಿ 110 ಕಿಲೋಮೀಟರ್! ಶೋರೂಮಿನ ಯಾವ ನಾಣ್ಯದಾಟಕ್ಕಿಂತಲೂ ಈ ಸಾಕ್ಷ್ಯ ಹೆಚ್ಚು ತೂಕದ್ದು.

ನಯದ ಪೈಪೋಟಿ ಅತಿರೇಕಕ್ಕೆ ಹೋದದ್ದು ಕ್ಯಾಡಿಲಾಕ್‌ನ ಹದಿನಾರು ಸಿಲಿಂಡರಿನಲ್ಲಿ. 1930ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ತೋರಿಸಿದ, ಓವನ್ ನ್ಯಾಕರ್ ವಿನ್ಯಾಸದ ಈ 7.4 ಲೀಟರ್ ಎಂಜಿನ್ ವಾಸ್ತವದಲ್ಲಿ ಒಂದೇ ಕ್ರ್ಯಾಂಕಿಗೆ ಒರಗಿದ ಎರಡು ನೇರ ಎಂಟುಗಳು. ವಾಲ್ವುಗಳ ಟಪಟಪ ಸದ್ದನ್ನು ಕೂಡ ಹೈಡ್ರಾಲಿಕ್ ಸಾಧನ ಇಟ್ಟು ಅಡಗಿಸಲಾಗಿತ್ತು. ವೈರು, ಪೈಪುಗಳನ್ನು ಕಣ್ಣಿಗೆ ಬೀಳದಂತೆ ಮುಚ್ಚಲಾಗಿತ್ತು. ಹನ್ನೊಂದು ವರ್ಷಗಳಲ್ಲಿ ಮಾರಾಟವಾದವು ಸುಮಾರು ನಾಲ್ಕು ಸಾವಿರ, ಅದರಲ್ಲೂ ಬಹುಪಾಲು ಮೊದಲ ವರ್ಷದಲ್ಲೇ. ಮಹಾ ಆರ್ಥಿಕ ಕುಸಿತ ಇದಕ್ಕೆ ಒಂದು ಕಾರಣವಷ್ಟೆ. ಎಂಟರಿಂದ ಹದಿನಾರಕ್ಕೆ ಹೋದಾಗ ಕೂತವನಿಗೆ ತಿಳಿಯುವ ಲಾಭ ಅತ್ಯಲ್ಪ. ಪೆಟ್ರೋಲು, ಟ್ಯೂನಿಂಗ್, ಬಿಸಿ ಇವುಗಳ ಖರ್ಚು ಮಾತ್ರ ಬಹಳ ಹೆಚ್ಚು. ಇದಕ್ಕಿಂತ ಜಾಣತನದ ಉತ್ತರ ಅಗ್ಗದ ಕಾರುಗಳಿಂದ ಬಂತು. 1929ರಲ್ಲಿ ಷೆವರ್ಲೆ ನಾಲ್ಕು ಸಿಲಿಂಡರಿನ ಬೆಲೆಯ ಆಸುಪಾಸಿನಲ್ಲೇ 3.2 ಲೀಟರಿನ ಆರು ಸಿಲಿಂಡರ್ ಕೊಟ್ಟಿತು. 1931ರಲ್ಲಿ ಪ್ಲಿಮತ್ ತನ್ನ ನಾಲ್ಕು ಸಿಲಿಂಡರ್ ಎಂಜಿನ್ನನ್ನು ರಬ್ಬರ್ ಆಧಾರಗಳ ಮೇಲೆ ತೂಗಾಡಲು ಬಿಟ್ಟು, ಅದುರು ಚಾಸಿಗೇ ಇಳಿಯದಂತೆ ಮಾಡಿತು. ಇವತ್ತಿನ ಬಹುತೇಕ ಕಾರುಗಳಲ್ಲಿ ಇರುವುದು ಈ ಉಪಾಯ, ಹದಿನಾರು ಸಿಲಿಂಡರುಗಳಲ್ಲ.

ನಾಣ್ಯದ ಪರೀಕ್ಷೆಯ ಬೆಲೆ ಎಷ್ಟೆಂಬುದೂ ಇಲ್ಲಿ ಗೊತ್ತಾಗುತ್ತದೆ. ಅದುರಿನ ಬಲ ಏರುವುದು ವೇಗದ ವರ್ಗಕ್ಕನುಗುಣವಾಗಿ. ನಿಮಿಷಕ್ಕೆ 450 ಸುತ್ತಿನ ಐಡಲಿಂಗ್‌ನಲ್ಲಿರುವ ಬಲ 2,700 ಸುತ್ತಿಗೆ 36 ಪಟ್ಟಾಗುತ್ತದೆ. ನಿಂತ ಕಾರಿನ ಮೇಲೆ ನಾಣ್ಯ ಬೀಳದಿದ್ದರೆ ಅದು ಸಾಬೀತುಪಡಿಸುವುದು ಕಾರ್ಬುರೇಟರ್, ಪ್ಲಗ್ಗುಗಳು ಸರಿಯಾಗಿವೆ, ಎಂಜಿನ್ ಮಿಸ್ಸಿಂಗ್ ಹೊಡೆಯುತ್ತಿಲ್ಲ ಎಂಬಷ್ಟನ್ನೇ. ನಯದ ನಿಜವಾದ ಉಪಯೋಗ ಟಾಪ್ ಗೇರಿನಲ್ಲಿತ್ತು. ಕ್ಯಾಡಿಲಾಕ್ 1928ರಲ್ಲಿ ಸಿಂಕ್ರೋಮೆಶ್ ತರುವವರೆಗೆ ಗೇರು ಬದಲಿಸುವುದೆಂದರೆ ಕ್ಲಚ್ಚನ್ನು ಎರಡು ಸಲ ಒತ್ತಿ, ಕಿವಿಯಿಂದಲೇ ವೇಗ ಹೊಂದಿಸಬೇಕಾದ ಕೆಲಸ. ತಪ್ಪಿದರೆ ಹಲ್ಲು ಕಡಿದಂಥ ಸದ್ದು. ದೊಡ್ಡ ಎಂಟು ಸಿಲಿಂಡರ್ ಎಂಜಿನ್ ನಡಿಗೆಯ ವೇಗದಿಂದಲೂ ಜಗ್ಗದೆ ಎಳೆಯುತ್ತಿದ್ದುದರಿಂದ ಹೊರಟ ಮೇಲೆ ಗೇರಿಗೆ ಕೈಹಾಕುವ ಪ್ರಸಂಗವೇ ಅಪರೂಪವಾಗಿತ್ತು. ಧರ್ಮಸ್ಥಳ ಇರುವುದು ಚಾರ್ಮಾಡಿ ಘಾಟಿಯ ಬುಡದ ಹತ್ತಿರ. ಮಂಗಳೂರಿನಿಂದ ಉಜಿರೆಯ ಮೇಲೆ ಕೊಟ್ಟಿಗೆಹಾರಕ್ಕೆ ಏರುವ ಆ ತಿರುವುಗಳೇ ಇಂಥ ಎಂಜಿನ್ನಿಗೆ ತಕ್ಕ ಪರೀಕ್ಷೆ. ಏರುವಾಗ ಹೊಗಳಿಕೆಗೆ ಅರ್ಹವಾದ ಕಾರು ಇಳಿಯುವಾಗ ಅಷ್ಟು ಭರವಸೆ ಹುಟ್ಟಿಸುವುದಿಲ್ಲ. ಎರಡು ಟನ್ನಿನ ಆಸುಪಾಸಿನ ತೂಕ, ಸರಳುಗಳಿಂದ ಎಳೆಯುವ ಯಾಂತ್ರಿಕ ಬ್ರೇಕು, ಅಗಲ ತಿರುವು ಬೇಡುವ ಉದ್ದನೆ ಚಾಸಿ. ಸಾಲದ್ದಕ್ಕೆ ಸ್ಟುಡಿಬೇಕರ್ 1930ರಲ್ಲಿ ‘ಫ್ರೀ ವೀಲಿಂಗ್’ ಪರಿಚಯಿಸಿತು: ಆಕ್ಸಲರೇಟರ್ ಬಿಟ್ಟೊಡನೆ ಚಕ್ರಗಳು ಎಂಜಿನ್ನಿನಿಂದ ಬಿಡುಗಡೆಯಾಗಿ ಕಾರು ಸದ್ದಿಲ್ಲದೆ ತೇಲುತ್ತದೆ. ಅಮೆರಿಕದ ಬಯಲು ರಸ್ತೆಗೆ ಹಿತವಾದ ಈ ಸೌಕರ್ಯ ಘಾಟಿಯಲ್ಲಿ ಎಂಜಿನ್ ಬ್ರೇಕಿಂಗನ್ನೇ ಕಿತ್ತುಕೊಳ್ಳುತ್ತದೆ. ನಯವೊಂದನ್ನೇ ಬೆನ್ನುಹತ್ತಿದ ವಿನ್ಯಾಸ ಎಡವಿದ್ದು ಇಂಥಲ್ಲಿ.

ಇಂಥ ಕಾರುಗಳು ಭಾರತಕ್ಕೆ ಬಂದ ದಾರಿಯನ್ನು ಸ್ಟೀರಿಂಗ್ ನೋಡಿಯೇ ಊಹಿಸಬಹುದು. ಫೋರ್ಡ್, ಜನರಲ್ ಮೋಟಾರ್ಸ್, ಸ್ಟುಡಿಬೇಕರ್ ಮೂರಕ್ಕೂ ಕೆನಡಾದ ಒಂಟಾರಿಯೊದಲ್ಲಿ ಕಾರ್ಖಾನೆಗಳಿದ್ದವು. ಬ್ರಿಟಿಷ್ ಸಾಮ್ರಾಜ್ಯದ ಸುಂಕದ ರಿಯಾಯಿತಿ ಪಡೆಯಲು ಬಲಗಡೆ ಸ್ಟೀರಿಂಗಿನ ಕಾರುಗಳನ್ನು ಅಲ್ಲಿಂದ ಕಳಿಸುವುದು ರೂಢಿಯಾಗಿತ್ತು. ಜನರಲ್ ಮೋಟಾರ್ಸ್ 1928ರಲ್ಲಿ ಮುಂಬಯಿಯ ಶಿವಡಿಯಲ್ಲಿ ಜೋಡಣಾ ಘಟಕ ತೆರೆಯಿತು. ಫೋರ್ಡ್ ಮುಂಬಯಿ, ಮದರಾಸು, ಕಲ್ಕತ್ತಗಳಲ್ಲಿ. ಕಾರನ್ನು ಇಲ್ಲಿಯೇ ತಯಾರಿಸುವ ಕನಸು ಕಂಡವರು ವಿಶ್ವೇಶ್ವರಯ್ಯ. 1935ರಲ್ಲಿ ಡೆಟ್ರಾಯಿಟ್ಟಿನವರೆಗೆ ಹೋಗಿ ಬಂದು ಕಾರು ಕಾರ್ಖಾನೆಗೆ ಯೋಜನೆ ಸಿದ್ಧಪಡಿಸಿದರು, ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಗೂಡಿದರು. ಬ್ರಿಟಿಷ್ ಸರ್ಕಾರದ ಅಸಹಕಾರದಿಂದ ಅದು ನಡೆಯಲಿಲ್ಲ. ಬೆಂಗಳೂರಿಗೆ ವಾಲ್‌ಚಂದ್‌ರಿಂದ 1940ರಲ್ಲಿ ಸಿಕ್ಕಿದ್ದು ವಿಮಾನದ ಕಾರ್ಖಾನೆ. ಕಾರಿನ ಕಾರ್ಖಾನೆ, ಪ್ರೀಮಿಯರ್, ಮುಂಬಯಿಯ ಕುರ್ಲಾದ ಪಾಲಾಯಿತು. 1953ರ ಹೊತ್ತಿಗೆ ಬಿಡಿಭಾಗ ತಂದು ಬರೀ ಜೋಡಿಸುವ ಕಂಪನಿಗಳಿಗೆ ಸರ್ಕಾರ ಬಾಗಿಲು ಮುಚ್ಚಿತು; ಜನರಲ್ ಮೋಟಾರ್ಸ್, ಫೋರ್ಡ್ ಎರಡೂ ಹೊರಟವು.

ಆಮೇಲೆ ಉಳಿದ ಕಾರುಗಳ ಪಾಡು ಈ ವಿಮರ್ಶೆಯಲ್ಲಿ ಮುಖ್ಯವಾದದ್ದು. ಬಿಡಿಭಾಗ ಸಿಗದೆ, ಪೆಟ್ರೋಲಿನ ಬೆಲೆ ತಾಳದೆ ದೇಶದ ಹಲವೆಡೆ ದೊಡ್ಡ ಅಮೆರಿಕನ್ ಕಾರುಗಳ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸಿದರು, ಟ್ಯಾಕ್ಸಿಯಾಗಿ ಓಡಿಸಿದರು. ಹೊಟ್ಟೆಪಾಡಿನ ಆ ನಿರ್ಧಾರವನ್ನು ದೂರುವಂತಿಲ್ಲ. ಆದರೆ ಅಂಥ ಕಾರಿಗೆ ಹೊಸ ಬಣ್ಣ, ಕ್ರೋಮ್ ಹಚ್ಚಿ ವಿಂಟೇಜ್ ಎಂದು ಮೆರವಣಿಗೆಗೆ ತರುವುದು ಮಾತ್ರ ಒಪ್ಪತಕ್ಕದ್ದಲ್ಲ. ನಾಲ್ಕು ಸಿಲಿಂಡರ್ ಡೀಸೆಲ್ಲಿನ ಗಡಗಡ ಸದ್ದು ಮಾಡುವ ಬ್ಯೂಕ್‌ನಲ್ಲಿ ಬ್ಯೂಕ್ ಉಳಿದಿರುವುದು ತಗಡಿನಲ್ಲಷ್ಟೇ. ಕಾರು ಸಂಗ್ರಹಾಲಯಗಳಿಗೂ ಇದಕ್ಕೆ ಹತ್ತಿರದ ಕೊರತೆಯೊಂದಿದೆ. ಮಾಲೀಕರ ಹೆಸರು, ಇಸವಿ, ಪ್ರಯಾಣಿಸಿದ ಗಣ್ಯರು ಫಲಕದಲ್ಲಿ ಸಿಗುತ್ತಾರೆ. ಎಷ್ಟು ಸಿಲಿಂಡರ್, ಎಷ್ಟು ಬೇರಿಂಗ್, ಎಂಜಿನ್ ಮೂಲದ್ದೋ ಅಲ್ಲವೋ ಎಂಬುದು ಸಿಗುವುದು ಕಡಿಮೆ. ಬಾನೆಟ್ಟಿನ ಒಂದು ಮಗ್ಗುಲು ತೆರೆದಿಟ್ಟು, ಗೊತ್ತಾದ ದಿನಗಳಲ್ಲಿ ಎಂಜಿನ್ ಚಾಲೂ ಮಾಡಿದರೆ ಈ ಕೊರತೆ ಬಹುಮಟ್ಟಿಗೆ ನೀಗುತ್ತದೆ.

ಚಾಲೂ ಇಡುವುದು ಕರಾವಳಿಯಲ್ಲಿ ಸುಲಭವಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೀರುವ ಮಳೆ, ಮಂಗಳೂರಿನ ಉಪ್ಪುಗಾಳಿ. 1920ರ ದಶಕದ ಬಾಡಿಗಳಲ್ಲಿ ಉಕ್ಕಿನ ತಗಡಿನೊಳಗೆ ಮರದ ಚೌಕಟ್ಟಿರುತ್ತದೆ. ತಗಡಿಗೆ ತುಕ್ಕು ಹತ್ತುವ ಮೊದಲೇ ಮರಕ್ಕೆ ಗೆದ್ದಲು ಹತ್ತಬಹುದು. ಎಂಜಿನ್ನಿನ ಬೇರಿಂಗುಗಳು ಈಗಿನಂತೆ ಅಂಗಡಿಯಲ್ಲಿ ಸಿಗುವ ಶೆಲ್‌ಗಳಲ್ಲ. ಬಿಳಿ ಲೋಹವನ್ನು ಕರಗಿಸಿ, ಕನೆಕ್ಟಿಂಗ್ ರಾಡಿನೊಳಗೇ ಎರಕ ಹೊಯ್ದು, ಶಾಫ್ಟಿಗೆ ನೀಲಿ ಬಣ್ಣ ಸವರಿ ತಿರುಗಿಸಿ, ಎಲ್ಲಿ ತಾಗುತ್ತದೋ ಅಲ್ಲಿ ಕೆರೆದು ಕೆರೆದು ಕೂರಿಸಬೇಕು. ಎಂಟು ರಾಡು, ಅದರ ಮೇಲೆ ಮುಖ್ಯ ಬೇರಿಂಗುಗಳು. ಒಂದು ಬಿಗಿಯಾದರೂ ಎಂಜಿನ್ ಕಾದು ಹಿಡಿದುಕೊಳ್ಳುತ್ತದೆ, ಒಂದು ಸಡಿಲವಾದರೂ ಕುಟ್ಟುತ್ತದೆ. ನಯವೆಂದು ಕಿವಿ ಮೆಚ್ಚುವುದರಲ್ಲಿ ಈ ಕೈಕೆಲಸದ ಪಾಲು ವಿನ್ಯಾಸಕಾರನ ಪಾಲಿಗಿಂತ ಕಡಿಮೆಯಲ್ಲ, ಇದನ್ನು ಬಲ್ಲ ಮೆಕ್ಯಾನಿಕ್ಕುಗಳು ವಿರಳವಾಗುತ್ತಿದ್ದಾರೆ. ಆ ಎಂಜಿನ್‌ಗಳ ಕಂಪ್ರೆಶನ್ ಕಡಿಮೆ ಇರುವುದರಿಂದ ಇಂದಿನ ಪೆಟ್ರೋಲಿನ ಆಕ್ಟೇನ್ ಬೇಕಾದ್ದಕ್ಕಿಂತ ಹೆಚ್ಚೇ ಆಗುತ್ತದೆ. ತೊಂದರೆ ಕೊಡುವುದು ಅದರಲ್ಲಿ ಬೆರೆಸುವ ಶೇ. 20 ಎಥನಾಲ್: ಹಳೆಯ ರಬ್ಬರ್ ಡಯಾಫ್ರಮ್ಮುಗಳನ್ನು ಕೆಡಿಸುತ್ತದೆ, ಕಾರ್ಬುರೇಟರ್ ತೊಟ್ಟಿಯೊಳಗಿನ ಕಾರ್ಕ್ ತೇಲುಗಳ ಲೇಪ ಕರಗಿಸುತ್ತದೆ, ನೀರು ಹೀರಿಕೊಂಡು ಟ್ಯಾಂಕಿನ ತಳಕ್ಕೆ ತುಕ್ಕು ತರುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲುವ ಕಾರುಗಳಲ್ಲಿ ಇದು ಇನ್ನೂ ಬೇಗ. ಓಡಿಸದ ಕಾಲದಲ್ಲಿ ಟ್ಯಾಂಕನ್ನೂ ಕಾರ್ಬುರೇಟರನ್ನೂ ಬರಿದುಮಾಡಿ, ಸಿಲಿಂಡರುಗಳಿಗೆ ಎಣ್ಣೆ ಬಿಟ್ಟು, ಆಗಾಗ ಕ್ರ್ಯಾಂಕ್ ಹ್ಯಾಂಡಲಿನಿಂದ ಕೈಯಾರೆ ಒಂದೆರಡು ಸುತ್ತು ತಿರುಗಿಸುವುದೇ ಸದ್ಯಕ್ಕಿರುವ ಕ್ರಮ.