ಸೋತರೆ ಮನೆ ಎನ್ನುವ ಪಂದ್ಯದಲ್ಲಿ ರೇಡರ್: ಪ್ರೊ ಕಬಡ್ಡಿ ಪ್ಲೇ ಆಫ್ ಆಟಗಳ ತುಲನೆ

ಕಬಡ್ಡಿ ರೇಡರ್‌ನ ಯೋಗ್ಯತೆಯನ್ನು ಎರಡು ಲೆಕ್ಕಗಳಲ್ಲಿ ಅಳೆಯುವುದು ರೂಢಿ. ಒಂದು, ಇಡೀ ಋತುವಿನಲ್ಲಿ ಅವನು ತಂದ ಅಂಕಗಳ ಮೊತ್ತ. ಇನ್ನೊಂದು, ಅವನ ತಂಡ ಗೆದ್ದ ಪ್ರಶಸ್ತಿಗಳ ಸಂಖ್ಯೆ. 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಶುರುವಾದ ಮೇಲೆ ಈ ಎರಡೂ ಲೆಕ್ಕಗಳು ಜನರ ಬಾಯಲ್ಲಿ ನಿಂತಿವೆ. ಆದರೆ ಪ್ಲೇ ಆಫ್ ಆಟವನ್ನು ತೂಗುವುದಕ್ಕೆ ಎರಡೂ ಸಾಲುವುದಿಲ್ಲ. ಲೀಗ್ ಹಂತದ ಮೊತ್ತದಲ್ಲಿ ದುರ್ಬಲ ತಂಡಗಳ ಮೇಲೆ ಬಾಚಿಕೊಂಡ ಅಂಕಗಳೂ ಸೇರಿರುತ್ತವೆ. ಪ್ರಶಸ್ತಿಯಾದರೋ ಏಳು ಮಂದಿಯ ದುಡಿಮೆಯ ಫಲ. ಎಷ್ಟು ಅಂಕ ಬಂತು ಎನ್ನುವುದಕ್ಕಿಂತ, ಪಂದ್ಯ ಯಾವ ಸ್ಥಿತಿಯಲ್ಲಿದ್ದಾಗ, ಎಂಥ ಹಿಡಿತಗಾರರ ಎದುರು ಬಂತು ಎಂದು ನೋಡಿದಾಗ ಮಾತ್ರ ತುಲನೆ ನ್ಯಾಯವಾಗುತ್ತದೆ.

ಮಂಡ್ಯ ಜಿಲ್ಲೆಯ ಪ್ರೇಕ್ಷಕರಿಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ. ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯಂಥ ಊರುಗಳಲ್ಲಿ ಹೊನಲು ಬೆಳಕಿನ ಪಂದ್ಯಾವಳಿ ಎಂದರೆ ಸಾಮಾನ್ಯವಾಗಿ ಮೊದಲ ಸುತ್ತಿನಿಂದಲೇ ನಾಕೌಟ್. ಒಂದು ಪಂದ್ಯ ಸೋತ ತಂಡ ರಾತ್ರಿಯೇ ಗಾಡಿ ಹತ್ತಬೇಕು. ಅಲ್ಲಿ ಸರಾಸರಿ ಎಂಬ ಮಾತೇ ಹುಟ್ಟುವುದಿಲ್ಲ. ಊರಿನವರು ನೆನಪಿಟ್ಟುಕೊಳ್ಳುವುದು ಕೊನೆಯ ಐದು ನಿಮಿಷದಲ್ಲಿ ಯಾರು ರೇಡಿಗೆ ಹೋದರು, ಮುಟ್ಟಿ ಬಂದರೋ ಸಿಕ್ಕಿಬಿದ್ದರೋ ಎಂಬುದನ್ನು. ವೃತ್ತಿಪರ ಲೀಗ್‌ನ ಅಂಕಿಅಂಶಗಳನ್ನು ಓದುವಾಗಲೂ ಈ ಕಣ್ಣು ಬೇಕು.

ಪ್ಲೇ ಆಫ್‌ನಲ್ಲಿ ರೇಡರ್‌ನ ಕೆಲಸ ಕಷ್ಟವಾಗುವುದಕ್ಕೆ ಆಟದ ನಿಯಮದಲ್ಲೇ ಕಾರಣವಿದೆ. ಸಿಕ್ಕಿಬಿದ್ದ ರೇಡರ್ ಹೊರಗೆ ಕೂರಬೇಕು. ತಂಡದ ಇನ್ನೊಬ್ಬರು ಎದುರಾಳಿಯನ್ನು ಔಟ್ ಮಾಡಿದರೆ, ಇಲ್ಲವೇ ಇಡೀ ತಂಡವೇ ಆಲ್ ಔಟ್ ಆದರೆ ಮಾತ್ರ ಅವನಿಗೆ ಮ್ಯಾಟ್‌ಗೆ ಮರಳುವ ದಾರಿ. ಬೋನಸ್ ಅಂಕ ಬಂದರೂ ಹೊರಗೆ ಕೂತವನು ಒಳಗೆ ಬರುವಂತಿಲ್ಲ. ಹಾಗಾಗಿ ದೊಡ್ಡ ರೇಡರ್ ಇರುವ ತಂಡದ ವಿರುದ್ಧ ಕೋಚ್‌ಗಳು ಹೂಡುವ ಮೊದಲ ತಂತ್ರವೇ ಅವನನ್ನು ಬೆಂಚಿನ ಮೇಲೆ ಕೂರಿಸಿಡುವುದು. ಲೀಗ್ ಹಂತದಲ್ಲಿ ಅವನು ಮಾಡಿದ ರೇಡುಗಳ ವಿಡಿಯೊಗಳೆಲ್ಲ ಎದುರಾಳಿಯ ಕೈಯಲ್ಲಿರುತ್ತವೆ. ಯಾವ ಕಾಲಿನಿಂದ ಬೋನಸ್ ಗೆರೆ ದಾಟುತ್ತಾನೆ, ಯಾವ ಕಡೆಗೆ ತಿರುಗಿ ಓಡುತ್ತಾನೆ ಎಂಬುದು ಅವರಿಗೆ ಬಾಯಿಪಾಠ. ಕಾರ್ನರ್ ಆಟಗಾರರು ಮುನ್ನುಗ್ಗದೆ ಕಾಯುತ್ತಾರೆ. ಎರಡು ರೇಡ್ ಖಾಲಿ ಹೋದರೆ ಮೂರನೆಯದು ‘ಡು ಆರ್ ಡೈ’. ಅಂಕ ತರದೆ ಮರಳಿದರೂ ಔಟ್. ಇಂಥ ಮೂರನೆಯ ರೇಡಿಗೆ ಕಟ್ಟಿಹಾಕಿಯೇ ದೊಡ್ಡ ರೇಡರ್‌ಗಳನ್ನು ಬೇಟೆಯಾಡುವುದು.

ಅಂಕಗಳ ರಾಶಿಯನ್ನಷ್ಟೇ ನೋಡಿದರೆ ಮೊದಲ ಸ್ಥಾನ ಪ್ರದೀಪ್ ನರ್ವಾಲ್ ಅವರದೇ. 2017ರ ಐದನೇ ಋತುವಿನಲ್ಲಿ ಅವರು ಗಳಿಸಿದ್ದು 369 ರೇಡ್ ಅಂಕ. ಆ ವರ್ಷದ ಎಲಿಮಿನೇಟರ್‌ನಲ್ಲಿ ಪಟ್ನಾ ಪೈರೇಟ್ಸ್ ತಂಡ ಹರಿಯಾಣ ಸ್ಟೀಲರ್ಸ್ ತಂಡವನ್ನು 69–30ರಿಂದ ಮಣಿಸಿದಾಗ ಅವರೊಬ್ಬರದೇ 34. ಫೈನಲ್‌ನಲ್ಲಿ ಗುಜರಾತ್ ವಿರುದ್ಧ 19. ಪಟ್ನಾ 55–38ರಿಂದ ಗೆದ್ದು ಸತತ ಮೂರನೇ ಪ್ರಶಸ್ತಿ ಎತ್ತಿತು. ಅವರ ‘ಡುಬ್ಕಿ’ಗೆ ಆಗ ಮದ್ದೇ ಇರಲಿಲ್ಲ. ಕೈಕೈ ಹಿಡಿದು ಮುಚ್ಚಿಕೊಂಡು ಬರುವ ಇಬ್ಬರ ತೋಳಿನಡಿ, ಎದೆ ನೆಲಕ್ಕೆ ತಾಗುವಷ್ಟು ಬಗ್ಗಿ ನುಸುಳಿ, ಅದೇ ಓಟದಲ್ಲಿ ಮಧ್ಯಗೆರೆಗೆ ಕೈ ಚಾಚುವ ಪಟ್ಟು ಅದು. ಸರಪಳಿ ಹಾಕಿದಷ್ಟೂ ಅವರಿಗೆ ಅನುಕೂಲ, ಏಕೆಂದರೆ ಸರಪಳಿಯ ಇಬ್ಬರೂ ಒಟ್ಟಿಗೆ ಔಟ್.

ಆದರೂ ಆ 34 ಅಂಕಗಳನ್ನು ಪ್ಲೇ ಆಫ್‌ನ ಅತ್ಯುತ್ತಮ ಆಟ ಎನ್ನುವುದು ಕಷ್ಟ. ಗೆಲುವಿನ ಅಂತರ 39 ಅಂಕ. ಮುರಿದುಬಿದ್ದ ಹಿಡಿತದ ಮೇಲೆ ಬಂದ ಅಂಕಗಳು ಅದರಲ್ಲಿ ಬಹಳ. ಮುಂದಿನ ವರ್ಷಗಳಲ್ಲಿ ತಂಡಗಳು ಡುಬ್ಕಿಗೆ ಪ್ರತಿತಂತ್ರ ಕಲಿತವು. ಸರಪಳಿ ಮುಚ್ಚುವುದನ್ನು ಬಿಟ್ಟು, ಹಿಂದೆ ನಿಂತು ಕಣಕಾಲಿಗೆ ಕೈಹಾಕತೊಡಗಿದವು. ಎಂಟನೇ ಋತುವಿನಲ್ಲಿ ಯುಪಿ ಯೋಧಾ ಪರ ಆಡಿದ ಪ್ರದೀಪ್ ಎಲಿಮಿನೇಟರ್‌ನಲ್ಲಿ ಪುಣೇರಿ ಪಲ್ಟನ್ ವಿರುದ್ಧ ಮಿಂಚಿದರು. ಸೆಮಿಫೈನಲ್‌ನಲ್ಲಿ ತಮ್ಮ ಹಳೆಯ ತಂಡ ಪಟ್ನಾದ ಎದುರು ಬೆರಳೆಣಿಕೆಯ ಅಂಕಕ್ಕೆ ನಿಂತುಬಿಟ್ಟರು. ಯುಪಿ 27–38ರಿಂದ ಸೋತಿತು. ಅವರನ್ನು ಬಲ್ಲ ತಂಡವೇ ಅವರನ್ನು ಕಟ್ಟಿತು.

ಪವನ್ ಶೆರಾವತ್ ಅವರ 2019ರ ಜನವರಿ 5ರ ಆಟ ಬೇರೆ ಜಾತಿಯದು. ಮುಂಬೈಯಲ್ಲಿ ನಡೆದ ಆರನೇ ಋತುವಿನ ಫೈನಲ್‌ನಲ್ಲಿ ಬೆಂಗಳೂರು ಬುಲ್ಸ್ ವಿರಾಮದ ಹೊತ್ತಿಗೆ ಗುಜರಾತ್ ಫಾರ್ಚೂನ್ ಜೈಂಟ್ಸ್ ಎದುರು 9–16ರಿಂದ ಹಿಂದಿತ್ತು. ಗುಜರಾತ್‌ನ ಕವರ್ ಜೋಡಿ ಸುನಿಲ್ ಕುಮಾರ್ ಮತ್ತು ಪರ್ವೇಶ್ ಭೈನ್ಸ್‌ವಾಲ್ ಆಗ ಲೀಗ್‌ನ ಅತಿ ಬಿಗಿಯಾದ ಹಿಡಿತಗಳಲ್ಲೊಂದು. ನಾಯಕ ರೋಹಿತ್ ಕುಮಾರ್ ಅವರನ್ನು ಎದುರಾಳಿಗಳು ಕಟ್ಟಿಹಾಕಿದ್ದರು. ಅಲ್ಲಿಂದ ತಂಡವನ್ನು ಪವನ್ ಒಬ್ಬರೇ ಎಳೆದುಕೊಂಡು ಬಂದರು. ಬುಲ್ಸ್ 38–33ರಿಂದ ಗೆದ್ದಾಗ ಅವರ ಹೆಸರಿನಲ್ಲಿ 22 ಅಂಕಗಳಿದ್ದವು, ತಂಡದ ಮೊತ್ತದ ಅರ್ಧಕ್ಕಿಂತ ಹೆಚ್ಚು. ಇನ್ನೊಂದು ಸಂಗತಿಯೂ ಇದೆ. ಹಿಂದಿನ ಋತುವಿನಲ್ಲಿ ಅವರು ಗುಜರಾತ್ ತಂಡದಲ್ಲೇ ಇದ್ದವರು, ಹೆಚ್ಚು ಅವಕಾಶ ಸಿಗದೆ ಬೆಂಚು ಕಾದವರು. ಆ ಕವರ್ ಜೋಡಿಯ ಹೆಜ್ಜೆಗಳನ್ನು ಅಭ್ಯಾಸದ ಮ್ಯಾಟ್ ಮೇಲೆ ದಿನವೂ ಕಂಡವರು. ಹಿಡಿಯಲು ಬಂದವನ ಭುಜದ ಮೇಲಿಂದ ಹಾರಿ ಮಧ್ಯಗೆರೆ ತಲುಪುವ ಅವರ ಜಿಗಿತವನ್ನೇ ಜನ ನೆನೆಯುತ್ತಾರೆ. ಅಂದು ಪಂದ್ಯ ಗೆಲ್ಲಿಸಿದ್ದು ಮಾತ್ರ ಜಿಗಿತಕ್ಕಿಂತ ಹೆಚ್ಚಾಗಿ ತಾಳ್ಮೆ. ಹಿಂದಿದ್ದರೂ ಒಂದೇ ರೇಡಿನಲ್ಲಿ ಎಲ್ಲವನ್ನೂ ತರಲು ಹೋಗದೆ, ಒಬ್ಬೊಬ್ಬರನ್ನೇ ಮುಟ್ಟಿ ಹಿಡಿತವನ್ನು ತೆಳುವಾಗಿಸಿದ ಆಟ ಅದು. ಲೀಗ್‌ನ ಫೈನಲ್‌ಗಳಲ್ಲಿ ಇದಕ್ಕಿಂತ ದೊಡ್ಡ ರೇಡಿಂಗ್ ಇನ್ನೊಂದಿಲ್ಲ ಎಂದು ನಿಸ್ಸಂಕೋಚವಾಗಿ ಹೇಳಬಹುದು.

ಮುಂದಿನ ಋತುವಿನಲ್ಲೂ ಪವನ್ ಕೈಬಿಡಲಿಲ್ಲ. ಏಳನೇ ಋತುವಿನ ಎಲಿಮಿನೇಟರ್‌ನಲ್ಲಿ ಯುಪಿ ಯೋಧಾ ವಿರುದ್ಧ ಪಂದ್ಯ ಹೆಚ್ಚುವರಿ ಅವಧಿಗೆ ಹೋದಾಗ ಬುಲ್ಸ್ 48–45ರಿಂದ ಗೆದ್ದಿತು. ಅವರ ಗಳಿಕೆ 20. ಸೆಮಿಫೈನಲ್‌ನಲ್ಲಿ ದಬಾಂಗ್ ಡೆಲ್ಲಿ ಎದುರು 18 ಅಂಕ ತಂದರೂ ತಂಡ 38–44ರಿಂದ ಸೋತಿತು. ಎರಡು ಪಂದ್ಯಗಳಲ್ಲಿ 38 ಅಂಕ ತಂದವನನ್ನು ‘ಪ್ಲೇ ಆಫ್‌ನಲ್ಲಿ ಎಡವಿದ’ ಎಂದು ಬರೆಯುವುದು ಅನ್ಯಾಯ. ಆ ಸಂಜೆ ಎಡವಿದ್ದು ಬುಲ್ಸ್‌ನ ಹಿಡಿತ.

ಇದೇ ಅನ್ಯಾಯ ನವೀನ್ ಕುಮಾರ್ ಅವರಿಗೂ ಆದದ್ದುಂಟು. 2019ರ ಅಕ್ಟೋಬರ್ 19ರಂದು ಅಹಮದಾಬಾದ್‌ನ ಫೈನಲ್‌ನಲ್ಲಿ ಅವರು ಡೆಲ್ಲಿಗೆ 18 ಅಂಕ ತಂದುಕೊಟ್ಟರೂ ಬೆಂಗಾಲ್ ವಾರಿಯರ್ಸ್ 39–34ರಿಂದ ಗೆದ್ದಿತು. 2022ರ ಫೆಬ್ರುವರಿ 25ರಂದು ಬೆಂಗಳೂರಿನಲ್ಲಿ, ಪ್ರೇಕ್ಷಕರಿಲ್ಲದ ಅಂಗಳದಲ್ಲಿ ನಡೆದ ಎಂಟನೇ ಋತುವಿನ ಫೈನಲ್‌ನಲ್ಲಿ ಅವರ ಗಳಿಕೆ 13ಕ್ಕೆ ಇಳಿದಿತ್ತು. ಆದರೂ ಡೆಲ್ಲಿ ಪಟ್ನಾವನ್ನು 37–36ರಿಂದ ಸೋಲಿಸಿತು, ಏಕೆಂದರೆ ಆ ದಿನ ವಿಜಯ್ ಮಲಿಕ್ 14 ಅಂಕ ತಂದಿದ್ದರು. ಅಂಕ ಹೆಚ್ಚಿದ್ದಾಗ ಸೋಲು, ಕಡಿಮೆಯಿದ್ದಾಗ ಗೆಲುವು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡೆಸೆದು ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್‌ಗಳ ವಿಷಯದಲ್ಲೂ ಇದೇ ಕಥೆ. ಏಳು ಸೂಪರ್ ಬೌಲ್ ಗೆದ್ದ ಟಾಮ್ ಬ್ರೇಡಿ 2018ರ ಫೈನಲ್‌ನಲ್ಲಿ 505 ಗಜಗಳಷ್ಟು ಪಾಸ್ ಎಸೆದರು; ಪಂದ್ಯ ಮಾತ್ರ 41–33ರಿಂದ ಫಿಲಡೆಲ್ಫಿಯಾ ಪಾಲಾಯಿತು. ಎದುರಾಳಿಯನ್ನು ತಡೆಯುವ ಕೆಲಸ ಅವರದಾಗಿರಲಿಲ್ಲ.

ಒಂಬತ್ತನೇ ಋತುವಿನಿಂದ ಫೈನಲ್‌ಗಳ ಸ್ವರೂಪವೇ ಬದಲಾಗಿದೆ. 2017ರ ಫೈನಲ್‌ನಲ್ಲಿ ಎರಡೂ ತಂಡಗಳು ಸೇರಿ 93 ಅಂಕ ಗಳಿಸಿದ್ದವು. 2022ರ ಡಿಸೆಂಬರ್‌ನಲ್ಲಿ ಜೈಪುರ ಪುಣೇರಿಯನ್ನು 33–29ರಿಂದ ಮಣಿಸಿದಾಗ ಆ ಮೊತ್ತ 62. 2024ರ ಮಾರ್ಚ್‌ನಲ್ಲಿ ಪುಣೇರಿ ಹರಿಯಾಣವನ್ನು 28–25ರಿಂದ ಸೋಲಿಸಿದಾಗ 53. ಅದೇ ವರ್ಷದ ಕೊನೆಗೆ ಹರಿಯಾಣ ಪಟ್ನಾವನ್ನು 32–23ರಿಂದ ಮಣಿಸಿದಾಗ 55. ಹನ್ನೊಂದನೇ ಋತುವಿನಲ್ಲಿ ಮುನ್ನೂರು ರೇಡ್ ಅಂಕ ದಾಟಿದ ಪಟ್ನಾದ ದೇವಾಂಕ್ ದಲಾಲ್ ಅವರನ್ನು ಆ ಫೈನಲ್‌ನಲ್ಲಿ ಹರಿಯಾಣದ ಹಿಡಿತಗಾರರು ತಲೆ ಎತ್ತಲು ಬಿಡಲಿಲ್ಲ. ಇಂಥ ಪಂದ್ಯದಲ್ಲಿ ಎಂಟೊಂಬತ್ತು ಅಂಕ ತರುವ ರೇಡರ್, 2017ರಲ್ಲಿ ಹದಿನೈದು ತಂದವನಿಗೆ ಯಾವ ರೀತಿಯಲ್ಲೂ ಕಡಿಮೆಯಲ್ಲ. ಹಳೆಯ ಮತ್ತು ಹೊಸ ಫೈನಲ್‌ಗಳ ಅಂಕಗಳನ್ನು ಒಂದೇ ಪಟ್ಟಿಯಲ್ಲಿ ಮೇಲೆ ಕೆಳಗೆ ಬರೆಯುವವರು ಈ ಇಳಿತವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ.

ದೊಡ್ಡ ರೇಡರ್‌ನನ್ನು ಕೊಂಡರೆ ಪ್ಲೇ ಆಫ್ ಖಚಿತ ಎಂಬ ನಂಬಿಕೆಯೂ ಪದೇಪದೇ ಮುಗ್ಗರಿಸಿದೆ. ಹತ್ತನೇ ಋತುವಿಗೆ ತೆಲುಗು ಟೈಟನ್ಸ್ 2.605 ಕೋಟಿ ರೂಪಾಯಿಗೆ ಪವನ್ ಅವರನ್ನು ಕೊಂಡಿತು. ತಂಡ ಕೊನೆಯ ಸ್ಥಾನ ಪಡೆಯಿತು. ಹನ್ನೊಂದನೇ ಋತುವಿನಲ್ಲಿ ಪ್ರದೀಪ್ ಅವರನ್ನು ಕರೆತಂದ ಬುಲ್ಸ್‌ಗೂ ಅದೇ ಗತಿ.

ಕರ್ನಾಟಕದ ಪಾಲು ಈ ಚರ್ಚೆಯಲ್ಲಿ ಸಿಗಬೇಕಾದಷ್ಟು ಜಾಗ ಪಡೆದಿಲ್ಲ. 2019ರಲ್ಲಿ ಬೆಂಗಾಲ್ ತಂಡವನ್ನೂ 2024ರಲ್ಲಿ ಪುಣೇರಿಯನ್ನೂ ಪ್ರಶಸ್ತಿಗೆ ಒಯ್ದ ಕೋಚ್ ಬಿ.ಸಿ. ರಮೇಶ್ ಕನ್ನಡಿಗರು. ಅವರ ತಂಡಗಳು ಒಬ್ಬ ರೇಡರ್‌ನ ಮೇಲೆ ಭಾರ ಹೊರಿಸದೆ ಅಂಕಗಳನ್ನು ಹಂಚಿಕೊಂಡು ಗೆದ್ದವು. 2019ರ ಫೈನಲ್‌ನಲ್ಲಿ ಬೆಂಗಾಲ್‌ನ ಮುಖ್ಯ ರೇಡರ್ ಮಣಿಂದರ್ ಸಿಂಗ್ ಗಾಯದಿಂದ ಹೊರಗಿದ್ದರು. ಆರಂಭದಲ್ಲೇ ಮುನ್ನಡೆ ಪಡೆದ ಡೆಲ್ಲಿಯನ್ನು ವಿರಾಮಕ್ಕೆ 17–17ರ ಸಮಕ್ಕೆ ತಂದು ನಿಲ್ಲಿಸಿದ್ದು ಇರಾನಿನ ಮೊಹಮ್ಮದ್ ನಬಿಬಕ್ಷ್ ಮತ್ತು ಕನ್ನಡ ನಾಡಿನ ಸುಕೇಶ್ ಹೆಗ್ಡೆಯಂಥವರ ಜಂಟಿ ದುಡಿಮೆ. ಎರಡು ವರ್ಷ ಹಿಂದೆ ಗುಜರಾತ್ ನಾಯಕರಾಗಿ ಪ್ರದೀಪ್ ಎದುರು ಫೈನಲ್ ಸೋತಿದ್ದ ಸುಕೇಶ್, ನವೀನ್ ಅವರ 18ರ ಮುಂದೆ ಸಣ್ಣದಾಗಿ ಕಾಣುವ ಗಳಿಕೆಯಿಂದಲೇ ಈ ಸಲ ಪ್ರಶಸ್ತಿಗೆ ಕೈಯಿಟ್ಟರು. ಎಂಟನೇ ಋತುವಿನ ಫೈನಲ್‌ನಲ್ಲಿ ಒಂದೇ ಅಂಕದಿಂದ ಪ್ರಶಸ್ತಿ ಕಳೆದುಕೊಂಡ ಪಟ್ನಾದ ನಾಯಕರಾಗಿದ್ದವರು ಕರಾವಳಿಯ ಪ್ರಶಾಂತ್ ಕುಮಾರ್ ರೈ. ಸೂಪರ್ ಟೆನ್‌ಗಳನ್ನು, ಅಂದರೆ ಒಂದೇ ಪಂದ್ಯದಲ್ಲಿ ಹತ್ತು ಅಥವಾ ಹೆಚ್ಚು ರೇಡ್ ಅಂಕ ತಂದ ಆಟಗಳನ್ನು, ಎಣಿಸುವ ಪಟ್ಟಿಗಳಲ್ಲಿ ಇವರಿಬ್ಬರೂ ಮೇಲೆ ಬರುವುದಿಲ್ಲ. ಮುಖ್ಯ ರೇಡರ್ ಬೆಂಚಿನಲ್ಲಿ ಕೂತಾಗ ಯಾರು ಹೋಗಿ ಒಬ್ಬನನ್ನಾದರೂ ಮುಟ್ಟಿ ಬಂದರು ಎಂದು ಎಣಿಸುವ ಪಟ್ಟಿಯೊಂದಿದ್ದರೆ ಇವರ ಹೆಸರಿಗೆ ಅಲ್ಲಿ ಮೊದಲ ಸಾಲಿನಲ್ಲೇ ಜಾಗ ಸಿಗುತ್ತಿತ್ತು.