ಕತ್ತಿ ಎತ್ತದ ಕೈಚಳಕ

ಬೆನ್ನಿನ ಮೇಲ್ಭಾಗದಲ್ಲಿ, ಪಕ್ಕೆಲುಬುಗಳ ಮೇಲೆ ಜಾರಾಡುವ ತ್ರಿಕೋನಾಕಾರದ ಮೂಳೆ ಸ್ಕ್ಯಾಪುಲಾ. 17 ಸ್ನಾಯುಗಳು ಅದಕ್ಕೆ ಅಂಟಿಕೊಂಡು ಕಾವಲಿವೆ. ಹಾಗಾಗಿ ಅದು ಮುರಿಯುವುದೇ ಅಪರೂಪ. ಒಟ್ಟು ಮೂಳೆಮುರಿತಗಳಲ್ಲಿ ಸುಮಾರು ಶೇ. 1ರಷ್ಟು, ಅಷ್ಟೆ. ಮುರಿದಿದೆ ಎಂದರೆ ಪೆಟ್ಟು ಭಾರಿಯೇ: ಬೈಕ್ ಅಪಘಾತ, ಇಲ್ಲವೇ ಎತ್ತರದಿಂದ ಬಿದ್ದದ್ದು. ಅನುಭವಿ ವೈದ್ಯರು ಮೊದಲು ನೋಡುವುದು ಪಕ್ಕೆಲುಬು, ಶ್ವಾಸಕೋಶಗಳನ್ನು. ಹೆಗಲಿನ ಸರದಿ ಆಮೇಲೆ.

ನನಗೆ ಹೆಚ್ಚು ಹಿಡಿಸುವುದು ಈ ವೈದ್ಯರ ಸುಮ್ಮನಿರುವ ಧೈರ್ಯ. ಎಕ್ಸ್‌ರೇಯಲ್ಲಿ ಒಡೆದ ಹಪ್ಪಳದಂತೆ ಕಂಡರೂ ನಡುಭಾಗದ ಮುರಿತ ಬಹುಪಾಲು ತಾನೇ ಕೂಡಿಕೊಳ್ಳುತ್ತದೆ. ರಕ್ತದ ಪೂರೈಕೆ ಅಷ್ಟು ಚೆನ್ನಾಗಿದೆ. ಕೆಲವು ದಿನ ಕೈಗೆ ಜೋಲಿ, ನೋವು ತಗ್ಗುತ್ತಲೇ ಮುಂದಕ್ಕೆ ಬಾಗಿ, ಕೈ ಇಳಿಬಿಟ್ಟು ಮೆಲ್ಲಗೆ ತೂಗಾಡಿಸುವ ವ್ಯಾಯಾಮ. ‘ಆಪರೇಷನ್ ಬೇಡವೇ ಡಾಕ್ಟ್ರೇ?’ ಎಂದು ಮನೆಯವರು ಅನುಮಾನಪಡುವುದೂ ಉಂಟು!

ತೋಳಿನ ಮೂಳೆಯ ಗುಂಡು ಕೂರುವ ಬಟ್ಟಲೇ ಸೀಳಿ, ನಾಲ್ಕೈದು ಮಿಲಿಮೀಟರ್ ಏರುಪೇರಾದರೆ ಲೆಕ್ಕ ಬೇರೆ, ಆಪರೇಷನ್ ಬೇಕಾಗಬಹುದು. ಸಿ.ಟಿ. ಸ್ಕ್ಯಾನ್ ಮುಂದಿಟ್ಟುಕೊಂಡು, ಫ್ರಾನ್ಸಿನ ಶಸ್ತ್ರವೈದ್ಯ ರೊಬೇರ್ ಜೂದೆ ತೋರಿಸಿದ ಹಿಂಬದಿಯ ದಾರಿ ಹಿಡಿಯುತ್ತಾರೆ. ಈಗ ಹಲವರು ಸ್ನಾಯುವನ್ನು ಪೂರ್ತಿ ಎಬ್ಬಿಸದೆ, ಎರಡು ಸ್ನಾಯುಗಳ ಸಂದಿಯಲ್ಲೇ ನುಸುಳುತ್ತಾರೆ, ನರಕ್ಕೆ ಎಳೆತ ಬೀಳದಂತೆ. ಮೂಳೆಯ ನಡುಭಾಗ ಬೆಳಕು ಹಾಯುವಷ್ಟು ತೆಳು, ಅಲ್ಲಿ ಸ್ಕ್ರೂ ಹಿಡಿತಕ್ಕೆ ಸಿಗದು. ದಪ್ಪಗಿರುವ ಹೊರ ಅಂಚಿಗೆ ಹೊಂದುವಂತೆ ಪ್ಲೇಟನ್ನು ಬಗ್ಗಿಸಿ ಕೂರಿಸಬೇಕು. ಸ್ಕ್ರೂ ತುದಿ ಕೀಲಿನೊಳಗೆ ಇಣುಕಿತೋ, ಮಾಡಿದ್ದೆಲ್ಲ ಕೆಟ್ಟಿತು.